ಫ್ರಾನ್ಸಿನ ಆ ಏಳು ತಿಂಗಳ ಸಂಪುಟ

ಸಂವಿಧಾನ ಬದಲಾಗಬೇಕು ಎಂಬ ಮಾತು ಎದ್ದಾಗಲೆಲ್ಲ ಹೊಸದರಲ್ಲಿ ಏನಿರಬೇಕು ಎಂಬುದರ ಬಗ್ಗೆಯೇ ಚರ್ಚೆ ನಡೆಯುತ್ತದೆ. ಹಳೆಯದು ಹೋಗಿ ಹೊಸದು ಬರುವವರೆಗೆ ಅಧಿಕಾರ ಯಾರ ಕೈಯಲ್ಲಿರಬೇಕು, ಯಾವ ಕಟ್ಟುಪಾಡಿಗೆ ಒಳಪಟ್ಟಿರಬೇಕು ಎಂದು ಕೇಳುವವರು ವಿರಳ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. 1958ರ ಜೂನ್‌ನಿಂದ 1959ರ ಜನವರಿಯವರೆಗೆ ಫ್ರಾನ್ಸನ್ನು ಆಳಿ ಹೊಸ ಸಂವಿಧಾನ ತಂದ, ಎರಡನೇ ಮಹಾಯುದ್ಧದ ನಾಯಕ ಜನರಲ್ ಡಿಗಾಲ್ ಅವರ ಸಂಪುಟದ ಬಗ್ಗೆ ಬರೆಯಬೇಕೆನಿಸಿದ್ದು ಅದಕ್ಕಾಗಿಯೇ.

ನಾಲ್ಕನೇ ಗಣರಾಜ್ಯ, ಅಂದರೆ 1946ರ ಸಂವಿಧಾನದಡಿಯ ಫ್ರೆಂಚ್ ಆಡಳಿತ, ಹನ್ನೆರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳನ್ನು ಕಂಡಿತ್ತು. ಅದನ್ನು ಕೊನೆಗೆ ಕೆಡವಿದ್ದು ಫ್ರಾನ್ಸಿನ ಅಧೀನದಲ್ಲಿದ್ದ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ. 1958ರ ಮೇ 13ರಂದು ಫ್ರಾನ್ಸ್ ಅಲ್ಜೀರಿಯಾವನ್ನು ಬಿಟ್ಟುಕೊಡಬಾರದೆಂದು ಅದರ ರಾಜಧಾನಿ ಅಲ್ಜಿಯರ್ಸ್‌ನಲ್ಲಿ ದಂಗೆಯೆದ್ದವರ ಜೊತೆ ಸೇನಾಧಿಕಾರಿಗಳೂ ನಿಂತರು. ಮೇ 24ರಂದು ಕಾರ್ಸಿಕಾ ದ್ವೀಪ ಅವರ ವಶವಾಯಿತು. ಮುಂದೆ ಪ್ಯಾರಿಸ್‌ಗೇ ಪ್ಯಾರಾಟ್ರೂಪರ್‌ಗಳು ಇಳಿಯುತ್ತಾರೆ ಎಂಬ ಭೀತಿ ಹಬ್ಬಿತು. ಪ್ರಧಾನಿ ಫ್ಲಿಮ್ಲಿನ್ ರಾಜೀನಾಮೆ ಕೊಟ್ಟರು, ಅಧ್ಯಕ್ಷ ಕೋಟಿ ಡಿಗಾಲ್ ಅವರನ್ನು ಕರೆದರು. ಜೂನ್ 1ರಂದು ಸಂಸತ್ತು 329-224 ಮತಗಳಿಂದ ಒಪ್ಪಿಗೆ ನೀಡಿತು. ಸೇನೆಯ ಬೆದರಿಕೆಯಡಿ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ಮಾಜಿ ಪ್ರಧಾನಿ ಮೆಂದೆಸ್ ಫ್ರಾನ್ಸ್ ಮತ್ತು ಮುಂದೆ ಅಧ್ಯಕ್ಷರಾದ ಮಿತ್ತೆರಾಂ ಅದನ್ನು ಧಿಕ್ಕರಿಸಿ ವಿರುದ್ಧ ಮತ ಹಾಕಿದರು. ಅವರು ಮಾಡಿದ್ದು ಸರಿ ಎಂದೇ ನಾನು ನಂಬಿದ್ದೇನೆ.

ಹಾಗಿದ್ದೂ ಆ ಸಂಪುಟವನ್ನು ಸರ್ವಾಧಿಕಾರದ ಪೀಠಿಕೆ ಎಂದು ತಳ್ಳಿಹಾಕಲು ನನ್ನಿಂದಾಗುವುದಿಲ್ಲ. ಅದರಲ್ಲಿ ಯಾರಿದ್ದರು ನೋಡಿ. ಕೆಲವೇ ದಿನಗಳ ಹಿಂದೆ ಅಧಿಕಾರ ಕಳೆದುಕೊಂಡಿದ್ದ ಅದೇ ಫ್ಲಿಮ್ಲಿನ್, ಸಮಾಜವಾದಿ ನಾಯಕ ಗಿ ಮೊಲೆ, ಐವರಿ ಕೋಸ್ಟಿನ ಹುಫುಯೆ-ಬ್ವಾನಿ, ಇವರೆಲ್ಲ ಹಿರಿಯ ದರ್ಜೆಯ ಸಚಿವರಾಗಿ ಸಂವಿಧಾನದ ಕರಡಿನ ಚರ್ಚೆಗೆ ಕುಳಿತರು. ಕರಡನ್ನು ಮುನ್ನಡೆಸಿದವರು ಕಾನೂನು ಸಚಿವ ಮಿಶೆಲ್ ದೆಬ್ರೆ. ಇದಕ್ಕಿಂತ ಮುಖ್ಯವಾದದ್ದು ಹೊಸ ಸಂವಿಧಾನ ಬರೆಯುವ ಅಧಿಕಾರವನ್ನು ಈ ಸಂಪುಟಕ್ಕೆ ಕೊಟ್ಟ ಜೂನ್ 3ರ ಕಾನೂನು. 1940ರ ಜುಲೈನಲ್ಲಿ ಇದೇ ದೇಶದ ಸಂಸತ್ತು ಸಂವಿಧಾನ ಬರೆಯುವ ಅಧಿಕಾರವನ್ನು ಜರ್ಮನಿಗೆ ಸೋತ ಹೊತ್ತಿನಲ್ಲಿ ಪ್ರಧಾನಿಯಾಗಿದ್ದ, ಮುಂದೆ ಸರ್ವಾಧಿಕಾರಿಯಾದ ಮಾರ್ಷಲ್ ಪೆತಾಂ ಕೈಗೆ ಹೆಚ್ಚುಕಡಿಮೆ ಷರತ್ತಿಲ್ಲದೆಯೇ ಒಪ್ಪಿಸಿತ್ತು. ರಾಷ್ಟ್ರದ ಅನುಮೋದನೆ ಪಡೆಯಬೇಕೆಂಬ ಒಂದು ಸಾಲು ಅದರಲ್ಲಿತ್ತು, ಆ ಅನುಮೋದನೆಯನ್ನು ಯಾರೂ ಕೇಳಲೇ ಇಲ್ಲ. 1958ರ ಸಂಸತ್ತು ಆ ಅವಮಾನವನ್ನು ಮರೆತಿರಲಿಲ್ಲ. ಸಾರ್ವತ್ರಿಕ ಮತವೇ ಅಧಿಕಾರದ ಮೂಲ, ಕಾರ್ಯಾಂಗ ಮತ್ತು ಶಾಸಕಾಂಗ ಬೇರೆಬೇರೆ, ಸರ್ಕಾರ ಸಂಸತ್ತಿಗೆ ಹೊಣೆ, ನ್ಯಾಯಾಂಗ ಸ್ವತಂತ್ರ, ಸಾಗರದಾಚೆಯ ಜನರೊಂದಿಗಿನ ಸಂಬಂಧಕ್ಕೆ ಒಂದು ವ್ಯವಸ್ಥೆ: ಈ ಐದು ಷರತ್ತುಗಳನ್ನು ಹಾಕಿ, ಸಂಸದರೇ ಬಹುಪಾಲು ಇರುವ ಸಲಹಾ ಸಮಿತಿಯ ಅಭಿಪ್ರಾಯ ಪಡೆಯಬೇಕು, ಕೊನೆಗೆ ಜನಮತಕ್ಕೆ ಒಡ್ಡಬೇಕು ಎಂದು ಕಟ್ಟುಹಾಕಿತು. ಬೆದರಿಕೆಯ ನಡುವೆಯೂ ಇಷ್ಟನ್ನು ಬರೆಸಿಕೊಂಡದ್ದು ಸಣ್ಣ ಸಾಧನೆಯಲ್ಲ.

ಬೇಸರ ಹುಟ್ಟಿಸುವುದು ಗುಟ್ಟು. ಬೇಸಿಗೆಯ ಕೆಲವೇ ತಿಂಗಳಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಕರಡು ಸಿದ್ಧವಾಯಿತು. ಅದರ ಹಲವು ದಾಖಲೆಗಳು ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ನಮ್ಮ ಸಂವಿಧಾನ ಸಭೆ ಮೂರು ವರ್ಷಗಳಷ್ಟು ಕಾಲ ವಾದಿಸಿದ್ದನ್ನು ಇಂದು ಯಾರು ಬೇಕಾದರೂ ಓದಬಹುದು, ಆ ಭಾಗ್ಯ ಫ್ರೆಂಚರಿಗೆ ಬಹುಕಾಲ ಇರಲಿಲ್ಲ.

ಸೆಪ್ಟೆಂಬರ್ 28ರ ಜನಮತದಲ್ಲಿ ಫ್ರಾನ್ಸಿನ ಸುಮಾರು ನೂರಕ್ಕೆ 80 ಮತದಾರರು ಹೌದು ಎಂದರು. ಸೆಕು ತುರೆ ನೇತೃತ್ವದ, ಪಶ್ಚಿಮ ಆಫ್ರಿಕಾದ ಫ್ರೆಂಚ್ ವಸಾಹತು ಗಿನಿ ಇಲ್ಲ ಎಂದಿತು, ಅಕ್ಟೋಬರ್ 2ರಂದು ಸ್ವತಂತ್ರವಾಯಿತು. ಪ್ಯಾರಿಸ್ ಅದಕ್ಕೆ ತೀರಿಸಿಕೊಂಡ ಸೇಡು ಇನ್ನೊಂದು ದೀರ್ಘ ಬರಹದ ವಿಷಯ.

ನನ್ನ ನಿಜವಾದ ತಕರಾರು ಜನಮತದ ನಂತರದ ಹಂತಕ್ಕೆ ಸಂಬಂಧಿಸಿದ್ದು. ಹೊಸ ಸಂವಿಧಾನದ 92ನೇ ವಿಧಿ ಇದೇ ಸಂಪುಟಕ್ಕೆ ಇನ್ನೂ ನಾಲ್ಕು ತಿಂಗಳು ಸುಗ್ರೀವಾಜ್ಞೆಗಳ ಮೂಲಕ ಕಾನೂನು ಮಾಡುವ ಅಧಿಕಾರ ಕೊಟ್ಟಿತು. ನ್ಯಾಯಾಧೀಶರ ಸೇವಾ ನಿಯಮಗಳಿಂದ ಬೋಧನಾ ಆಸ್ಪತ್ರೆಗಳ ಸುಧಾರಣೆಯವರೆಗೆ ಎಷ್ಟೋ ಒಳ್ಳೆಯ ಕೆಲಸಗಳು ಆ ದಾರಿಯಲ್ಲೇ ಬಂದವು, ಅದನ್ನು ಅಲ್ಲಗಳೆಯಲಾರೆ. ಆದರೆ ಚುನಾವಣಾ ನಿಯಮವನ್ನೂ ಆ ಸಂಪುಟವೇ ಬರೆಯಿತು. ಒಂದು ಕ್ಷೇತ್ರಕ್ಕೆ ಒಬ್ಬ ಸದಸ್ಯ, ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಎರಡನೇ ಸುತ್ತಿನ ಮತದಾನ. ನವೆಂಬರ್‌ನಲ್ಲಿ ಮೊದಲ ಸುತ್ತಿನ ಮತಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಪಡೆದ ಕಮ್ಯುನಿಸ್ಟರಿಗೆ ದಕ್ಕಿದ್ದು ಕೇವಲ 10 ಸ್ಥಾನ. ಡಿಗಾಲ್ ಬೆಂಬಲಿಗರ ಹೊಸ ಪಕ್ಷ ಸದನದ ಅತಿ ದೊಡ್ಡ ಪಕ್ಷವಾಯಿತು. ಅಷ್ಟು ಹೊತ್ತಿಗೆ ಹಳೆಯ ಸಂಸತ್ತು ಇಲ್ಲವಾಗಿತ್ತು, ಈ ನಿಯಮವನ್ನು ಪ್ರಶ್ನಿಸುವ ವೇದಿಕೆಯೂ ಇರಲಿಲ್ಲ. ಐದು ಷರತ್ತುಗಳನ್ನು ಅಷ್ಟು ಜಾಣತನದಿಂದ ಬರೆದ ಸಂಸದರು, ಮುಂದಿನ ಚುನಾವಣೆಯ ನಿಯಮವನ್ನು ಈ ಸಂಪುಟ ಮುಟ್ಟಬಾರದು ಎಂಬ ಆರನೆಯದನ್ನೂ ಜೂನ್ 3ರಂದೇ ಬರೆಯಬೇಕಿತ್ತು.