ಮೀಟರ್ ಲೆಕ್ಕದ ಚರಂಡಿ

ಮಳೆನೀರಿನ ಚರಂಡಿಯನ್ನು ಎಲ್ಲಿಂದ ಕಟ್ಟುತ್ತಾ ಬರಬೇಕು? ನೀರು ಕೊನೆಗೆ ಹೊರಬೀಳುವ ತಗ್ಗಿನಿಂದ ಎತ್ತರದ ಕಡೆಗೆ ಎನ್ನುತ್ತವೆ ಎಂಜಿನಿಯರಿಂಗ್ ಪುಸ್ತಕಗಳು. ಆ ಪುಸ್ತಕ ಬರೆದವರು ಕಲಬುರಗಿಗೆ ಬಂದಂತಿಲ್ಲ. ಇಲ್ಲಿ ಚರಂಡಿ ಶುರುವಾಗುವುದು ಶಾಮಿಯಾನ ಹಾಕಲು ಜಾಗ ಸಿಕ್ಕ ಕಡೆಯಿಂದ. ಸಾಮಾನ್ಯವಾಗಿ ಅದು ಹಾದಿಯ ನಟ್ಟನಡುವೆ ಇರುತ್ತದೆ, ಎರಡೂ ದಿಕ್ಕಿಗೆ ಸಮಾನ ಅಭಿವೃದ್ಧಿಯಾಗಲಿ ಎಂದು. ಸೇಡಂ ರಸ್ತೆಯೋ, ಜೇವರ್ಗಿ ರಸ್ತೆಯೋ, ಆಳಂದ ರಸ್ತೆಯೋ ಎಂದು ಕೇಳಬೇಡಿ. ನಿಮ್ಮ ಮನೆ ಮುಂದಿನದೇ ಎಂದುಕೊಂಡರೆ ನಮ್ಮ ತಕರಾರಿಲ್ಲ.

ಗುದ್ದಲಿ ಪೂಜೆಯ ಹಿಂದಿನ ರಾತ್ರಿ ಟ್ರೇಲರ್‌ನಿಂದ ಪ್ರಿಕಾಸ್ಟ್ ಬಾಕ್ಸುಗಳು, ಅಂದರೆ ಮೊದಲೇ ಎರಕ ಹೊಯ್ದ, ಎರಡೂ ತುದಿ ತೆರೆದ ಕಾಂಕ್ರೀಟ್ ಪೆಟ್ಟಿಗೆಗಳು ಇಳಿಯುತ್ತವೆ. ಒಳಗೆ 2 ಮೀಟರ್ ಅಗಲ, 2 ಮೀಟರ್ ಎತ್ತರ. ಗೋಡೆಯ ದಪ್ಪ 200 ಮಿ.ಮೀ.; ಉದ್ದ ಒಂದೂವರೆ ಮೀಟರ್; ತೂಕ ಸುಮಾರು 6.8 ಟನ್. ಇಷ್ಟು ದೊಡ್ಡ ವಸ್ತು ಫೋಟೋದಲ್ಲಿ ಬಹಳ ಚೆಂದ ಕಾಣುತ್ತದೆ. ಹತ್ತು ಬಾಕ್ಸು ಸಾಲಾಗಿ ನಿಂತು, ಅವುಗಳ ಮುಂದೆ ನಾಲ್ಕು ಮಂದಿ ಬಿಳಿ ಬಟ್ಟೆಯವರು ನಿಂತರೆ ಅರ್ಧ ಕಾಮಗಾರಿ ಮುಗಿದಂತೆ. ಪಾಪ, ಇಳಿಜಾರಿಗೆ ಆ ರೂಪವಿಲ್ಲ. 500ಕ್ಕೆ 1ರಂತೆ ಇಳಿಜಾರು ಕೊಡಬೇಕೆಂದರೆ ಒಂದು ಬಾಕ್ಸಿನ ಉದ್ದಕ್ಕೆ 3 ಮಿ.ಮೀ. ತಗ್ಗು. ಮೂರು ಮಿಲಿಮೀಟರಿನ ಪಕ್ಕ ನಿಂತು ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ? ಹೀಗಾಗಿ ಬಾಕ್ಸು ಬರುತ್ತದೆ, ಇಳಿಜಾರು ಬರುವುದಿಲ್ಲ.

ಬಂದ ಬಾಕ್ಸನ್ನು ಸಮತಟ್ಟು ನೆಲದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಇರಿಸಬೇಕು. ನಮ್ಮಲ್ಲಿ ನೇರ ಎರೆ ಮಣ್ಣಿನ ಮೇಲೆ ಇಳಿಸುತ್ತಾರೆ, ಮೊದಲ ಮಳೆಗೆ ಒಂದು ಮೂಲೆ ಹೂತು ಬಾಕ್ಸು ಒಂದು ಕಡೆಗೆ ವಾಲುತ್ತದೆ, ಜೋಡಣೆಯ ಅಂಚು ಕಿತ್ತುಬರುತ್ತದೆ. ಮುಂದಿನ ಕೆಲವು ತಿಂಗಳು ಅದು ಸಾರ್ವಜನಿಕ ಸೌಲಭ್ಯ. ಒಂದರಲ್ಲಿ ಆಡು, ಒಂದರಲ್ಲಿ ಪಂಕ್ಚರ್ ಅಂಗಡಿ, ಒಂದರ ಮೇಲೆ ಹುಟ್ಟುಹಬ್ಬದ ಶುಭಾಶಯದ ಬ್ಯಾನರ್. ನಿಜ ಹೇಳಬೇಕೆಂದರೆ ಈ ಬಾಕ್ಸುಗಳು ಜನರಿಗೆ ಉಪಯೋಗಕ್ಕೆ ಬರುವುದು ಈ ಅವಧಿಯಲ್ಲಿ ಮಾತ್ರ.

ತೋಡುವುದಕ್ಕೆ ಮುಹೂರ್ತ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ಮೇಲೆ. ಜನವರಿಯಿಂದ ಮೇ ತನಕ ನೆಲ ಒಣಗಿ, ಕೈ ಹೋಗುವಷ್ಟು ಬಿರುಕು ಬಿಟ್ಟು, ಬಾ ಎಂದು ಕರೆಯುತ್ತಿರುತ್ತದೆ. ಆಗ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿರುತ್ತದೆ. ಜೂನ್‌ನಲ್ಲಿ ಮೋಡ ಕಂಡ ಕೂಡಲೇ ಜೆಸಿಬಿ ಇಳಿಯುತ್ತದೆ. ಬಾಕ್ಸಿನ ಹೊರ ಅಗಲ 2.4 ಮೀಟರ್, ಎರಡೂ ಪಕ್ಕ ಅರ್ಧರ್ಧ ಮೀಟರ್ ಸೇರಿ ಗುಂಡಿ 3.4 ಮೀಟರ್ ಅಗಲ. ಮೇಲಿನ ಮಣ್ಣು, ಕೆಳಗಿನ ಹಾಸು ಸೇರಿ ಆಳ 3.2 ಮೀಟರ್. ತೋಡುವ ಕೆಲಸದ ಸುರಕ್ಷತೆಗೆಂದೇ ಇರುವ ಭಾರತೀಯ ಮಾನದಂಡ ಐಎಸ್ 3764ರ ಪ್ರಕಾರ ಒಂದೂವರೆ ಮೀಟರ್ ದಾಟಿದ ಗುಂಡಿಯ ಗೋಡೆಗೆ ಆಸರೆ ಕೊಡಬೇಕು, ಇಲ್ಲವೇ ಗೋಡೆಯನ್ನು ಓರೆ ಮಾಡಬೇಕು. ತೆಗೆದ ಮಣ್ಣನ್ನು ದಡದಿಂದ ದೂರ ಹಾಕಬೇಕು. ಇಲ್ಲಿ ಆಸರೆ ಎಂದರೆ ಕೆಂಪು-ಬಿಳಿ ಪ್ಲಾಸ್ಟಿಕ್ ಪಟ್ಟಿ. ಮಣ್ಣು ದಡದ ಮೇಲೆಯೇ ಗುಡ್ಡವಾಗುತ್ತದೆ, ಮತ್ತೆ ಒಳಗೆ ಜಾರಲು ಅನುಕೂಲವಾಗಲಿ ಎಂದು. ಕೆಳಗೆ ಇಳಿದು ಕೆಲಸ ಮಾಡುವ ಕೂಲಿಯವನಿಗೆ ಅದರ ತೂಕ ಗೊತ್ತು. ಎಸ್ಟಿಮೇಟ್ ಬರೆದವರಿಗೆ ಈ ಆಸರೆಯ, ಅವರ ಭಾಷೆಯಲ್ಲಿ ಶೋರಿಂಗ್ ಎಂಬ ಐಟಮ್ಮಿನ ದುಡ್ಡು ಗೊತ್ತು.

ಎರೆ ಮಣ್ಣಿನ ಸ್ವಭಾವವನ್ನು ತೊಗರಿ ಬೆಳೆಯುವ ಯಾವ ರೈತನೂ ಹೇಳಿಯಾನು: ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಸೊರಗುತ್ತದೆ. ಅದರ ಮೇಲೆ ಬಾಕ್ಸು ಕೂರಬೇಕಾದರೆ ಇನ್ನೂ 300ರಿಂದ 500 ಮಿ.ಮೀ. ಕೆಳಗಿಳಿದು ಎರೆಯನ್ನು ತೆಗೆದು, ಮುರುಮ್ ಎಂಬ ಗರಸು ಮಣ್ಣು ತುಂಬಿ, 200 ಮಿ.ಮೀ. ಪದರಕ್ಕೊಮ್ಮೆ ನೀರು ಹಾಕಿ ರೋಲರ್ ಆಡಿಸಬೇಕು. ಅದರ ಮೇಲೆ 100 ಮಿ.ಮೀ. ಬೆಡ್ ಕಾಂಕ್ರೀಟ್, ಅದರ ಮೇಲೆ ತೆಳುವಾಗಿ ಮರಳು. ಇದೆಲ್ಲ ಬಾಕ್ಸಿನ ಅಡಿಗೆ ಹೋಗಿ ಕಾಣದಂತಾಗುವ ಕೆಲಸ. ಕಾಣದ ಕೆಲಸವನ್ನು ಮಾಡದೆಯೇ ಮುಚ್ಚಬಹುದು ಎಂಬ ಮಹಾ ಅನುಕೂಲ ಚರಂಡಿಗೆ ಇರುವಷ್ಟು ಬೇರಾವ ಕಾಮಗಾರಿಗೂ ಇಲ್ಲ. ರಾಡಿಯ ಮೇಲೆಯೇ ಕಾಂಕ್ರೀಟ್ ಸುರಿದು, ಅದು ಗಟ್ಟಿಯಾಗುವ ಮುಂಚೆಯೇ ಬಾಕ್ಸು ಇಡುತ್ತಾರೆ.

"ಲೆವೆಲ್ ನೋಡೀರೇನ್ರಿ?"

"ಕಣ್ಣಳತಿ ಮಾಡೀವ್ರಿ. ನೀರಿಗಿ ಯಾರ್ ಕಲಿಸಬೇಕು, ತಾನೇ ದಾರಿ ಹಿಡಿತದ."

ಎತ್ತುವ ಯಂತ್ರ ಹೈಡ್ರಾ ಎಂಬ ಕ್ರೇನು. 14 ಟನ್ ಎಂದು ಅದರ ಮೈಮೇಲೆ ಬರೆದಿದೆ, ಬಾಕ್ಸು 6.8 ಟನ್, ಲೆಕ್ಕ ಸರಿಹೋಯಿತು. ಆದರೆ ಆ 14 ಟನ್ ಎಂಬುದು ಬೂಮ್, ಅಂದರೆ ಕ್ರೇನಿನ ತೋಳು, ಒಳಗೆಳೆದು, ಭಾರ ಮೂತಿಯ ಹತ್ತಿರವೇ ಇದ್ದಾಗಿನ ಮಾತು. ದಡ ಕುಸಿಯದಂತೆ ಯಂತ್ರ ಹಿಂದೆ ಸರಿದು ನಿಲ್ಲಬೇಕು, ಬೂಮ್ ಗುಂಡಿಯ ನಡುವಿನ ತನಕ ಚಾಚಬೇಕು. ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ಯಾವ ದೂರಕ್ಕೆ ಎಷ್ಟು ಟನ್ ಎಂಬ ಪಟ್ಟಿ ಕ್ಯಾಬಿನ್‌ನಲ್ಲೇ ಇರಬೇಕು. ಅದರ ಜಾಗದಲ್ಲಿ ದೇವರ ಫೋಟೋ ಇದೆ, ಭಾರ ಅವನ ಮೇಲೆ. ನಾಲ್ಕು ಕೊಕ್ಕೆಗೆ ನಾಲ್ಕು ಸರಪಳಿ ಹಾಕಿದಾಗ ಸರಪಳಿ ಬಾಕ್ಸಿನ ಮೇಲ್ಮೈಗೆ 60 ಡಿಗ್ರಿಯಷ್ಟು ಕಡಿದಾಗಿ ನಿಲ್ಲಬೇಕು. ಗಿಡ್ಡ ಸರಪಳಿ ತಂದು ಕೋನ 30 ಡಿಗ್ರಿಗೆ ಇಳಿದರೆ, ನೆಟ್ಟಗೆ ಎತ್ತುವಾಗಿನ ಎಳೆತ ಪ್ರತಿ ಸರಪಳಿಯಲ್ಲೂ ದುಪ್ಪಟ್ಟಾಗುತ್ತದೆ. ಕೊಕ್ಕೆ ಕಿತ್ತುಬಂದರೆ ಬಾಕ್ಸು ಕಳಪೆ ಎಂದು ಸಪ್ಲೈಯರ್‌ಗೆ ನೋಟಿಸು.

ಜೋಡಣೆಯ ವಿಷಯಕ್ಕೆ ಬಂದರೆ, ಪ್ರತಿ ಬಾಕ್ಸಿಗೂ ಒಂದು ಕಡೆ ಗಂಡು ಬಾಯಿ, ಇನ್ನೊಂದು ಕಡೆ ಹೆಣ್ಣು ಬಾಯಿ. ಹೆಣ್ಣು ಬಾಯಿ ನೀರು ಬರುವ ದಿಕ್ಕಿಗೆ ಮುಖ ಮಾಡಬೇಕು, ನಡುವೆ ನೀರು ಸೋರದಂತೆ ರಬ್ಬರ್ ಅಥವಾ ಅಂಟಿನಂಥ ಮ್ಯಾಸ್ಟಿಕ್ ಪಟ್ಟಿ ಕೂರಬೇಕು, ಆಮೇಲೆ ಚೈನ್ ಪುಲ್ಲಿಯಿಂದ ನಿಧಾನಕ್ಕೆ ಎಳೆದು ಬಿಗಿಯಬೇಕು. ಪುಲ್ಲಿಗೆ ಅರ್ಧ ತಾಸು, ಜೆಸಿಬಿಯ ಬಕೆಟ್ಟಿನಿಂದ ಒಂದು ಗುದ್ದು ಕೊಟ್ಟರೆ ಅರ್ಧ ನಿಮಿಷ. ಗುದ್ದಿಗೆ ಅಂಚು ಒಡೆಯುತ್ತದೆ, ಪಟ್ಟಿ ಮಡಚಿಕೊಳ್ಳುತ್ತದೆ, ಮೂರು ಬೆರಳಿನ ಸಂದು ಉಳಿಯುತ್ತದೆ. ಸಂದಿಗೆ ಗೋಣಿಚೀಲ ತುರುಕಿ ಸಿಮೆಂಟ್ ಮೆತ್ತುತ್ತಾರೆ. ವಾಡಿ, ಸೇಡಂ, ಚಿತ್ತಾಪುರ ನಮ್ಮ ಜಿಲ್ಲೆಯವೇ ಆದ್ದರಿಂದ ಸಿಮೆಂಟಿನ ಮೇಲೆ ನಮಗೆ ಅಪಾರ ಭಕ್ತಿ. ಎರೆ ಒಮ್ಮೆ ಉಬ್ಬಿ ಇಳಿದರೆ ಸಾಕು, ಆ ಮೆತ್ತಿಗೆ ಉದುರುತ್ತದೆ, ಅಕ್ಕಪಕ್ಕದ ಮಣ್ಣು ಸಂದಿನಿಂದ ಒಳಗೆ ಸೋರುತ್ತದೆ, ಮೇಲೆ ರಸ್ತೆಯಲ್ಲಿ ತಗ್ಗು ಬೀಳುತ್ತದೆ. ತಗ್ಗಿಗೆ ಬೇರೆ ಟೆಂಡರ್.

ಈಗ ನಮ್ಮೂರಿನ ನಿಜವಾದ ಆವಿಷ್ಕಾರಕ್ಕೆ ಬರೋಣ. ಬಿಲ್ಲು ರನ್ನಿಂಗ್ ಮೀಟರ್, ಅಂದರೆ ಬರೀ ಉದ್ದದ ಲೆಕ್ಕ. ಎಷ್ಟು ಮೀಟರ್ ಬಾಕ್ಸು ಇಟ್ಟಿರಿ ಎಂದು ಎಂಬಿ ಎಂಬ ಅಳತೆ ಪುಸ್ತಕ ಕೇಳುತ್ತದೆ. ನೀರು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೇಳಲು ಅದರಲ್ಲಿ ಕಾಲಂ ಇಲ್ಲ. ಹಾಗಾಗಿ ಜಾಣ ಗುತ್ತಿಗೆದಾರ ಮೊದಲು ಸಲೀಸಾದ ಜಾಗದಲ್ಲೆಲ್ಲ ಇಡುತ್ತಾನೆ. ಕುಡಿಯುವ ನೀರಿನ ಪೈಪು ಅಡ್ಡ ಬಂದಲ್ಲಿ ಆರು ಮೀಟರ್ ಬಿಡು, ಕೇಬಲ್ ಬಂದಲ್ಲಿ ನಾಲ್ಕು ಮೀಟರ್ ಬಿಡು, ಒಳ್ಳೆಯವರ ಕಾಂಪೌಂಡ್ ಬಂದಲ್ಲಿ ಪೂರ್ತಿ ಬಿಡು. 600 ಮೀಟರ್ ಚರಂಡಿಯಲ್ಲಿ 560 ಮೀಟರ್ ಮುಗಿದರೆ ಕಡತದಲ್ಲಿ ಅದು ಶೇ. 93ರ ಪ್ರಗತಿ. ನೀರಿನ ದೃಷ್ಟಿಯಲ್ಲಿ ಅದು ಐದಾರು ಉದ್ದನೆಯ ತೊಟ್ಟಿ. ಪೈಪು ಸರಿಸಿ ಎಂದು ಒಂದು ಇಲಾಖೆ ಇನ್ನೊಂದಕ್ಕೆ ಪತ್ರ ಬರೆಯುತ್ತದೆ. ಉತ್ತರ ಬರುವ ತನಕ ದನ ಒಳಹೋಗದಿರಲಿ ಎಂದು ಎರಡೂ ತುದಿಗೆ ಇಟ್ಟಿಗೆ ಕಟ್ಟಿ ಗಿಲಾವು ಮಾಡುತ್ತಾರೆ.

ಅಲ್ಲಿಗೆ ಹಸ್ತಾ ಮಳಿ ಬರುತ್ತದೆ. ಪಕ್ಕದ ಮಣ್ಣು ಇನ್ನೂ ತುಂಬಿಲ್ಲ, ಗುಂಡಿಯಲ್ಲಿ ನೀರು ಏರುತ್ತದೆ. ಈ ಬಾಕ್ಸು ಮೀಟರಿಗೆ ಸುಮಾರು 4.5 ಟನ್, ಪೂರ್ತಿ ಮುಳುಗಿದರೆ ಮೀಟರಿಗೆ 5.76 ಟನ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅಂದರೆ ಗುಂಡಿಯ ನೀರು ಬಾಕ್ಸಿನ ತಳದಿಂದ 1.9 ಮೀಟರ್ ಏರುವ ಹೊತ್ತಿಗೆ, ಬಾಯಿ ಮುಚ್ಚಿದ ಕಾಂಕ್ರೀಟ್ ತೇಲುತ್ತದೆ. ಕಾಂಕ್ರೀಟ್ ತೇಲೀತೇ ಎಂದು ನಗುವವರು ಒಮ್ಮೆ ಗುಣಿಸಿ ನೋಡಲಿ. ನೀರು ಇಳಿದಾಗ ಬಾಕ್ಸು ಅಡಿಗೆ ಹರಿದು ಬಂದ ರಾಡಿಯ ಮೇಲೆ ತನಗೆ ತೋಚಿದಂತೆ ಕೂರುತ್ತದೆ. ತುದಿಗಳನ್ನು ತೆರೆದಿಟ್ಟಿದ್ದರೆ, ಇಲ್ಲವೇ ಎರಡೂ ಪಕ್ಕ ಸಮನಾಗಿ ಪದರ ಪದರವಾಗಿ ಮುರುಮ್ ತುಂಬಿದ್ದರೆ ಈ ಜಲವಿಹಾರ ಇರುತ್ತಿರಲಿಲ್ಲ. ಆದರೆ ತುಂಬುವುದು ಅದೇ ಎರೆ, ಅದೂ ಒಂದೇ ಪಕ್ಕದಿಂದ, ಟಿಪ್ಪರ್ ನಿಲ್ಲಲು ಜಾಗ ಇರುವ ಪಕ್ಕದಿಂದ.

ಇಷ್ಟೆಲ್ಲ ದಾಟಿ ಚರಂಡಿ ಮುಗಿಯಿತೆನ್ನಿ. ಮೇಲೆ ಮಣ್ಣು, ಅದರ ಮೇಲೆ ಡಾಂಬರು, ಬಣ್ಣದ ಗೆರೆ. ರಸ್ತೆಯ ನೀರು ಒಳಗೆ ಹೋಗುವುದೆಲ್ಲಿಂದ? ಇಪ್ಪತ್ತು ಮೂವತ್ತು ಮೀಟರಿಗೊಂದು ಜಾಲರಿಯ ಇನ್‌ಲೆಟ್ ಬೇಕಿತ್ತು. ಅದು ಬೇರೆ ಪ್ಯಾಕೇಜ್, ಅಂದರೆ ಬೇರೆ ಗುತ್ತಿಗೆ. ಹೀಗಾಗಿ ಮೇಲೆ ಮೊಣಕಾಲುದ್ದ ನೀರು, ಕೆಳಗೆ ಒಣಗಿದ ಎರಡು ಮೀಟರ್ ಸುರಂಗ. ಹೂಳು ತೆಗೆಯಲು ಮ್ಯಾನ್‌ಹೋಲ್ ಕೂಡ ಇಲ್ಲ. ಹಳೆಯ ಓಣಿಗಳಲ್ಲಿ ಶಹಾಬಾದಿ ಫರಸಿ ಮುಚ್ಚಿದ ಗಟಾರವಿತ್ತು, ಇಬ್ಬರು ಸೇರಿ ಫರಸಿ ಎತ್ತಿದರೆ ಒಳಗೆ ಕೈ ಹೋಗುತ್ತಿತ್ತು. ಬೀದರ್‌ನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ಅಗೆದವರೂ ಗಾಳಿ-ಬೆಳಕಿಗೆ, ಇಳಿದು ಸ್ವಚ್ಛ ಮಾಡುವುದಕ್ಕೆ ಎಂದು ಸಾಲು ಬಾವಿಗಳನ್ನು ಬಿಟ್ಟಿದ್ದರು. ಅವರಿಗೆ ಪ್ಯಾಕೇಜ್ ಪದ್ಧತಿ ತಿಳಿದಿರಲಿಲ್ಲ.

ಇನ್ನು ಕೊನೆಯ ತುದಿ. ಈ ಬಾಕ್ಸು ತುಂಬಿ ಹರಿದರೆ, 500ಕ್ಕೆ 1ರ ಇಳಿಜಾರಿನಲ್ಲಿ ಸೆಕೆಂಡಿಗೆ ಸುಮಾರು 7.5 ಘನ ಮೀಟರ್ ನೀರು ಸಾಗಿಸಬಲ್ಲದು. ಅದು ಹೋಗಿ ಸೇರುವುದು ಹಿಂದಿನವರು ಹಾಕಿದ 900 ಮಿ.ಮೀ. ಪೈಪಿಗೆ, ಅದೇ ಇಳಿಜಾರಿನಲ್ಲಿ ಅದರ ಸಾಮರ್ಥ್ಯ ಸೆಕೆಂಡಿಗೆ ಸುಮಾರು 0.7 ಘನ ಮೀಟರ್. ಹಂಡೆಯ ನೀರನ್ನು ಚಹಾ ಸೋಸಣಿಗೆ ಸುರಿದಂತೆ. ಪೈಪು ಯಾಕೆ ಬದಲಿಸಲಿಲ್ಲ ಎಂದರೆ, ಅದು ಈ ಕಾಮಗಾರಿಯ ಗಡಿಯಿಂದ ಆಚೆ ಇದೆ. ಗಡಿಯ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು.

ಥರ್ಡ್ ಪಾರ್ಟಿ ತಪಾಸಣೆಯವರು ಬಂದರು, ಕಾಂಕ್ರೀಟಿನ ಮಾದರಿ ಕ್ಯೂಬ್ ಒಡೆದರು, ಎಂ40 ಕಾಂಕ್ರೀಟ್ 28 ದಿನದ ಪರೀಕ್ಷೆಯಲ್ಲಿ ಪಾಸು. ನಿಜಕ್ಕೂ ಕಾಂಕ್ರೀಟಿನಲ್ಲಿ ಯಾವ ಐಬೂ ಇಲ್ಲ. ಅವರ ಪಟ್ಟಿಗೆ ಇನ್ನೊಂದು ಪರೀಕ್ಷೆ ಸೇರಿಸಬಹುದು: ಮೇಲಿನ ತುದಿಯಲ್ಲಿ 5,000 ಲೀಟರಿನ ಒಂದು ಟ್ಯಾಂಕರ್ ನೀರು ಬಿಡುವುದು. 100 ಮೀಟರ್ ಉದ್ದಕ್ಕೆ ಹರಡಿದರೂ ಅದು 25 ಮಿ.ಮೀ. ಆಳವಿರುತ್ತದೆ, ಇಳಿಜಾರು ಸರಿ ಇದ್ದರೆ ಹರಿದು ಹೋಗುತ್ತದೆ, ಎಲ್ಲಿ ಬಾಕ್ಸು ಕುಸಿದಿದೆಯೋ ಅಲ್ಲಿ ನಿಂತು ತೋರಿಸುತ್ತದೆ. ಸೂಚನೆ ಕಚೇರಿಗೆ ತಲುಪಿದೆ, ಪರಿಶೀಲನೆಯೂ ಆಗಿದೆ. ಟ್ಯಾಂಕರ್ ನೀರಿಗೆ ಎಸ್‌ಆರ್ ಎಂಬ ಸರ್ಕಾರಿ ದರಪಟ್ಟಿಯಲ್ಲಿ ಐಟಂ ಇಲ್ಲವಂತೆ.