ತಪ್ಪು ಉತ್ತರ ಏಕೆ ತಪ್ಪು ಎಂದು ಹೇಳಲು ಬರುತ್ತದೆಯೇ?

ಮಾಹಿತಿ ಭದ್ರತೆಯ ಆರಂಭಿಕ ಹಂತದ ಪ್ರಮಾಣಪತ್ರಕ್ಕೆ ಓದುತ್ತಿರುವ ಕಿರಿಯರು ನನ್ನನ್ನು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಡಂಪ್ ಇದೆಯೇ?’ ಪರೀಕ್ಷೆಯಿಂದ ಕದ್ದು ಹೊರತಂದ ಪ್ರಶ್ನೋತ್ತರಗಳ ಕಡತಕ್ಕೆ ನಮ್ಮ ವಲಯದಲ್ಲಿ ಹಾಗೆನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಇದ್ದರೂ ಕೊಡುವುದಿಲ್ಲ ಎಂದೂ ಸೇರಿಸುತ್ತೇನೆ.

ಪರೀಕ್ಷೆಗೆ ಕೂರುವ ಮುನ್ನ ಪ್ರಶ್ನೆಗಳನ್ನು ಹೊರಗೆ ಬಿಡುವುದಿಲ್ಲ, ಅಕ್ರಮ ಸಾಮಗ್ರಿ ಬಳಸುವುದಿಲ್ಲ ಎಂಬ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿರುತ್ತೇವೆ. ಅದನ್ನು ಮುರಿದವರ ಪ್ರಮಾಣಪತ್ರ ರದ್ದಾಗಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ, ನಾಳೆ ಒಂದು ಸಂಸ್ಥೆಯ ಪಾಸ್‌ವರ್ಡ್‌ಗಳು, ಲಾಗ್‌ಗಳು (ಯಾರು ಯಾವಾಗ ಏನು ಮಾಡಿದರೆಂದು ಯಂತ್ರ ಬರೆದಿಡುವ ದಾಖಲೆ), ಸಿಬ್ಬಂದಿಯ ಖಾಸಗಿ ವಿವರಗಳು ನಿಮ್ಮ ಕೈಗೆ ಬರುತ್ತವೆ. ನಂಬಿಕೆಯೇ ಬಂಡವಾಳವಾದ ಕೆಲಸಕ್ಕೆ ಕಳ್ಳದಾರಿಯಿಂದ ಒಳಬರಬಾರದು. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ನೀತಿಯ ಮಾತು ಪಕ್ಕಕ್ಕಿಟ್ಟರೂ ಬಾಯಿಪಾಠ ಇಲ್ಲಿ ಹೆಚ್ಚು ದೂರ ಒಯ್ಯುವುದಿಲ್ಲ. ಹೆಚ್ಚಿನವರು ಬರೆಯುವ, ಐಟಿ ಪ್ರಮಾಣಪತ್ರ ಕೊಡುವ ಸಂಸ್ಥೆಯಾದ ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ ಪರೀಕ್ಷೆಯನ್ನೇ ನೋಡಿ. 2023ರ ನವೆಂಬರ್‌ನಲ್ಲಿ ಬಂದ ಎಸ್‌ವೈ0-701 ಆವೃತ್ತಿಯಲ್ಲಿ 90 ನಿಮಿಷ, ಗರಿಷ್ಠ 90 ಪ್ರಶ್ನೆ. 100ರಿಂದ 900ರವರೆಗಿನ ಮಾಪನದಲ್ಲಿ 750 ಬಂದರೆ ತೇರ್ಗಡೆ. (ಇದು ಶೇಕಡಾವಾರು ಲೆಕ್ಕವಲ್ಲ. 900ಕ್ಕೆ 750 ಎಂದರೆ ಶೇ 83 ಎಂದು ಲೆಕ್ಕ ಹಾಕಿ, ಅಭ್ಯಾಸ ಪರೀಕ್ಷೆಯಲ್ಲಿ ಅಷ್ಟು ಬಂತೆಂದು ನಿಶ್ಚಿಂತರಾಗುವವರು ಇದನ್ನು ಗಮನಿಸಬೇಕು.) ಅನೇಕ ಪ್ರಶ್ನೆಗಳಲ್ಲಿ ನಾಲ್ಕೂ ಆಯ್ಕೆಗಳು ನಿಜವಾದ ತಂತ್ರಗಳೇ ಆಗಿರುತ್ತವೆ. ಕೇಳುವುದು ‘ಇವುಗಳಲ್ಲಿ ಅತ್ಯಂತ ಸೂಕ್ತ ಯಾವುದು’, ‘ಮೊದಲು ಏನು ಮಾಡುತ್ತೀರಿ’ ಎಂದು.

ಒಂದು ಉದಾಹರಣೆ ಕೊಡುತ್ತೇನೆ. ಇದು ನಾನೇ ಕಟ್ಟಿದ್ದು. ಲಾಗ್‌ನಲ್ಲಿ ಒಂದೇ ಐಪಿ ವಿಳಾಸದಿಂದ ನೂರಾರು ಖಾತೆಗಳಿಗೆ ಲಾಗಿನ್ ಯತ್ನ ನಡೆದಿದೆ. ಪ್ರತಿ ಖಾತೆಗೂ ಒಂದೇ ಯತ್ನ, ಎಲ್ಲದಕ್ಕೂ ಅದೇ ಪಾಸ್‌ವರ್ಡ್. ಇದು ಬ್ರೂಟ್ ಫೋರ್ಸ್ ದಾಳಿಯೋ, ಪಾಸ್‌ವರ್ಡ್ ಸ್ಪ್ರೇಯಿಂಗೋ, ಕ್ರೆಡೆನ್ಷಿಯಲ್ ಸ್ಟಫಿಂಗೋ? ಮೂರರ ವ್ಯಾಖ್ಯಾನವನ್ನೂ ಉರು ಹೊಡೆದವರು ಇಲ್ಲಿ ತಡವರಿಸುತ್ತಾರೆ. ದಾಳಿಕೋರನ ಜಾಗದಲ್ಲಿ ನಿಂತು ಯೋಚಿಸಿದರೆ ಗೊಂದಲವಿಲ್ಲ. ಬ್ರೂಟ್ ಫೋರ್ಸ್‌ನಂತೆ ಒಂದೇ ಖಾತೆಗೆ ಸಾವಿರ ಪಾಸ್‌ವರ್ಡ್ ಪ್ರಯೋಗಿಸಿದರೆ ಕೆಲವೇ ತಪ್ಪುಗಳಿಗೆ ಖಾತೆ ಲಾಕ್ ಆಗುತ್ತದೆ. ಅದನ್ನು ತಪ್ಪಿಸಲು ಆತ ಜನ ಸಾಮಾನ್ಯವಾಗಿ ಇಟ್ಟುಕೊಳ್ಳುವ ಒಂದು ಪಾಸ್‌ವರ್ಡ್ ಹಿಡಿದು ಎಲ್ಲರ ಬಾಗಿಲನ್ನೂ ಒಮ್ಮೊಮ್ಮೆ ತಟ್ಟುತ್ತಾನೆ. ಅದು ಸ್ಪ್ರೇಯಿಂಗ್. ಬೇರೆ ತಾಣದಿಂದ ಸೋರಿಕೆಯಾದ ಹೆಸರು-ಪಾಸ್‌ವರ್ಡ್ ಜೋಡಿಗಳಾಗಿದ್ದರೆ ಪಾಸ್‌ವರ್ಡ್ ಖಾತೆಯಿಂದ ಖಾತೆಗೆ ಬದಲಾಗುತ್ತಿತ್ತು. ಆಗ ಅದು ಸ್ಟಫಿಂಗ್. ಸರಿಯುತ್ತರ ಗೊತ್ತಾದರೆ ಅರ್ಧ ಕೆಲಸ. ಉಳಿದವು ಏಕಲ್ಲ ಎಂದು ಬಾಯಿಬಿಟ್ಟು ವಿವರಿಸಲು ಬಂದಾಗಲೇ ಆ ಪಾಠ ಮುಗಿಯಿತು ಎಂದುಕೊಳ್ಳಿ. ಅಭ್ಯಾಸ ಪ್ರಶ್ನೆ ಬಿಡಿಸಿ ಅಂಕ ನೋಡಿ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಸರಿಯಾಗಿ ಉತ್ತರಿಸಿದ ಪ್ರಶ್ನೆಗಳಲ್ಲೂ ಬಿಟ್ಟ ಮೂರು ಆಯ್ಕೆಗಳನ್ನು ಒಂದೊಂದಾಗಿ ಕೆದಕಿ ನೋಡಿ.

‘ಮೊದಲು ಏನು’ ಎಂಬ ಪ್ರಶ್ನೆಗೂ ಇದೇ ದಾರಿ. ಒಂದು ಕಂಪ್ಯೂಟರಿಗೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್‌ಸಮ್‌ವೇರ್ ತಗುಲಿದೆ. ಪೂರ್ತಿ ಅಳಿಸಿ ಹೊಸದಾಗಿ ಸ್ಥಾಪಿಸುವುದು ತಪ್ಪಲ್ಲ, ಆದರೆ ಅದು ಆಮೇಲಿನ ಕೆಲಸ. ಮೊದಲು ಜಾಲದಿಂದ ಬೇರ್ಪಡಿಸಬೇಕು, ಇಲ್ಲವಾದರೆ ಪಕ್ಕದ ಯಂತ್ರಗಳಿಗೂ ಹಬ್ಬುತ್ತದೆ. ಗಾಬರಿಯಲ್ಲಿ ವಿದ್ಯುತ್ ತೆಗೆದರೆ ಯಂತ್ರದ ತಾತ್ಕಾಲಿಕ ನೆನಪಾದ ರ್‍ಯಾಮ್‌ನಲ್ಲಿದ್ದ ಸಾಕ್ಷ್ಯ ಅಳಿದುಹೋಗುತ್ತದೆ.

ಪೋರ್ಟ್ ಸಂಖ್ಯೆಗಳ (ಜಾಲದಲ್ಲಿ ಒಂದೊಂದು ಸೇವೆಗೆ ಗೊತ್ತುಮಾಡಿದ ಸಂಖ್ಯೆ) ಪಟ್ಟಿ ಗೋಡೆಗೆ ಅಂಟಿಸಿ ಓದುವವರಿಗೆ ನನ್ನ ಸಲಹೆ ಇಷ್ಟೇ. ನಿಮ್ಮ ಕಂಪ್ಯೂಟರಿನಲ್ಲೇ ಎರಡು ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಕಂಪ್ಯೂಟರ್) ಹಾಕಿಕೊಳ್ಳಿ. ಜಾಲದಲ್ಲಿ ಹರಿಯುವ ಮಾಹಿತಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದಿಟ್ಟು, ಒಂದರಿಂದ ಇನ್ನೊಂದಕ್ಕೆ ಟೆಲ್ನೆಟ್ ಎಂಬ ಹಳೆಯ ವಿಧಾನದಿಂದ ಲಾಗಿನ್ ಆಗಿ. ನೀವು ಒತ್ತಿದ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಅದೇ ಕೆಲಸವನ್ನು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್‌ನಲ್ಲಿ ಮಾಡಿದರೆ ಅರ್ಥವಾಗದ ಅಕ್ಷರಗಳ ರಾಶಿ. ಆಮೇಲೆ ಟೆಲ್ನೆಟ್‌ನ 23 ಮತ್ತು ಎಸ್‌ಎಸ್‌ಎಚ್‌ನ 22ರ ವ್ಯತ್ಯಾಸ ಮರೆಯಬೇಕೆಂದರೂ ಮರೆಯುವುದಿಲ್ಲ. ಜಾಲದಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಹೇಳುವ ಫೈರ್‌ವಾಲ್ ನಿಯಮಗಳನ್ನೂ ಅಲ್ಲೇ ಬರೆದು ನೋಡಿ. ನಿಯಮಗಳನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಮೊದಲು ಹೊಂದಿಕೆಯಾದದ್ದೇ ಜಾರಿಯಾಗುತ್ತದೆ. ‘ಎಲ್ಲವನ್ನೂ ಬಿಡು’ ಎಂಬುದು ಮೇಲಿದ್ದರೆ, ಕೆಳಗಿನ ‘23 ತಡೆ’ ಇದ್ದೂ ಇಲ್ಲದಂತೆ. ಪರೀಕ್ಷೆಯ ಪ್ರಾಯೋಗಿಕ ಪ್ರಶ್ನೆಗಳಲ್ಲಿ (ಆಯ್ಕೆ ಗುರುತಿಸದೆ, ತೆರೆಯ ಮೇಲೆ ಮಾಡಿ ತೋರಿಸಬೇಕಾದವು) ಇಂಥ ಸೂಕ್ಷ್ಮಗಳೇ ಎದುರಾಗುತ್ತವೆ.

ಓದಿನ ಹಂಚಿಕೆಯ ಬಗ್ಗೆಯೂ ಒಂದು ಮಾತು. ಐದು ವಿಭಾಗಗಳಲ್ಲಿ ದೊಡ್ಡದು ಭದ್ರತಾ ಕಾರ್ಯಾಚರಣೆ, ಶೇ 28. ಸಾಮಾನ್ಯ ಪರಿಕಲ್ಪನೆಗಳ ಪಾಲು ಬರೀ 12. ಆದರೂ ಅನೇಕರು ಮೊದಲ ವಿಭಾಗದ ಗೂಢಲಿಪಿ ಶಾಸ್ತ್ರದಲ್ಲೇ ವಾರಗಟ್ಟಲೆ ಮುಳುಗಿ, ಕೊನೆಯ ನಿರ್ವಹಣೆ ಮತ್ತು ಮೇಲ್ವಿಚಾರಣೆಯ ವಿಭಾಗಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಅಪಾಯದ ಲೆಕ್ಕಾಚಾರ, ನೀತಿ ನಿಯಮಗಳು, ಪೂರೈಕೆದಾರರ ಒಪ್ಪಂದ, ಲೆಕ್ಕಪರಿಶೋಧನೆ ಎಲ್ಲ ನೀರಸ ಎಂದು ಹಾರಿಸುವ ಆ ಭಾಗಕ್ಕೆ ಶೇ 20 ಇದೆ. ಕೆಲಸಕ್ಕೆ ಸೇರಿದ ಮೇಲೆ ದಿನ ಬೆಳಗಾದರೆ ಮಾತಾಡುವುದೂ ಅದನ್ನೇ.

ಪರೀಕ್ಷೆಯ ದಿನ ಪ್ರಾಯೋಗಿಕ ಪ್ರಶ್ನೆಗಳು ಸಾಮಾನ್ಯವಾಗಿ ಆರಂಭದಲ್ಲೇ ಬರುತ್ತವೆ. ಒಂದೊಂದೂ ಹೊತ್ತು ತಿನ್ನುತ್ತದೆ. ದಾರಿ ತಕ್ಷಣ ಹೊಳೆಯದಿದ್ದರೆ ಗುರುತು ಹಾಕಿ ಮುಂದೆ ಹೋಗಿ, ಆಯ್ಕೆಯ ಪ್ರಶ್ನೆಗಳನ್ನು ಮುಗಿಸಿಕೊಂಡು ಹಿಂತಿರುಗಿ. ಯಾವುದನ್ನೂ ಖಾಲಿ ಬಿಡಬೇಡಿ. ‘ಮೊದಲು’, ‘ಅತ್ಯಂತ’ ಎಂಬ ಪದಗಳು ಕಂಡಲ್ಲಿ ಪ್ರಶ್ನೆಯನ್ನು ಮತ್ತೊಮ್ಮೆ ಓದಿಯೇ ಉತ್ತರಿಸಿ.