ಮೊಲ ಪಾಸು, ಸೋದರಮಾವ ಫೇಲು

ಪೊಟ್ಟಣದ ಮೇಲೆ ಒಂದು ಮೊಲ ಇದೆ. ಬಿಳಿ ಮೊಲ. ಎರಡೂ ಕಿವಿ ನೆಟ್ಟಗೆ ನಿಂತಿವೆ. ಮುಖದಲ್ಲಿ ಠೇವಣಿ ಉಳಿಸಿಕೊಂಡ ಪಕ್ಷೇತರ ಅಭ್ಯರ್ಥಿಯ ನೆಮ್ಮದಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ’ ಅಂತ ಬರೆದಿದೆ. ನೀವೂ ನೋಡಿರುತ್ತೀರಿ. ಈಗ ಶಾಂಪೂ, ಕ್ರೀಮು, ಕಾಡಿಗೆ, ಯಾವುದನ್ನು ಎತ್ತಿದರೂ ಈ ಮೊಲ ಕೂತಿರುತ್ತದೆ.

ನಾನು ಅದನ್ನು ಸರಿಯಾಗಿ ಓದಿದ್ದು ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ. ಅದೂ ಒಂದೇ ಕಣ್ಣಿನಲ್ಲಿ.

ತಂಗಿ ಮಗಳ ಮದುವೆ, ನಾನು ಸೋದರಮಾವ. ಸೋದರಮಾವ ಅಂದಮೇಲೆ ಎಲ್ಲಾ ಫೋಟೊದಲ್ಲೂ ಇರಬೇಕು. ಫೋಟೊದಲ್ಲಿ ಇರಬೇಕು ಅಂದರೆ ತಲೆ ಕಪ್ಪಗಿರಬೇಕು. ಶುಕ್ರವಾರ ಸಂಜೆ ಹೇರ್ ಡೈ ಪೊಟ್ಟಣ ತಗೊಂಡು ಮೈಸೂರಿನ ನಮ್ಮ ಬಡಾವಣೆಯ ಕಟಿಂಗ್ ಶಾಪಿಗೆ ಹೋಗಿ ಬಳಿಸಿಕೊಂಡು ಬಂದೆ. ಶನಿವಾರ ಆರತಕ್ಷತೆ ಹೊತ್ತಿಗೆ ಕಿವಿ ಹಿಂದೆ ನವೆ ಶುರುವಾಯಿತು. ಭಾನುವಾರ ಮುಹೂರ್ತಕ್ಕೆ ಹಣೆ ಊದಿತ್ತು, ಎಡಗಣ್ಣು ಮುಚ್ಚಿತ್ತು, ಕಿವಿ ಎರಡೂ ಬನ್ನಿನ ಹಾಗಾಗಿದ್ದವು. ಹುಡುಗಿಯನ್ನು ಮಂಟಪಕ್ಕೆ ಕರೆತಂದವನು ನಾನೇ. ಗಂಡಿನ ಕಡೆಯ ಒಂದು ಮಗು ನನ್ನನ್ನು ನೋಡಿ ಕಿರುಚಿಕೊಂಡಿತು. ‘ಯಾರ ಕಣ್ಣು ಬಿತ್ತೋ’ ಅಂತ ನಮ್ಮ ದೊಡ್ಡಮ್ಮ ಉಪ್ಪು, ಮೆಣಸಿನಕಾಯಿ ನೀವಾಳಿಸಿದರು. ಡಾಕ್ಟರಿಗೆ ತೋರಿಸಬೇಕಾಗುತ್ತೆ ಅಂತ ಖಾಲಿ ಪೊಟ್ಟಣವನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದವಳು ನನ್ನ ಹೆಂಡತಿ ಒಬ್ಬಳೇ.

‘ಪ್ರಾಣಿ ಮೇಲೆ ಮಾಡಿಲ್ಲ, ನಿಮ್ಮ ಮೇಲೆ ಮಾಡವ್ರೆ’ ಅನ್ನುವ ಜೋಕನ್ನು ಮೊದಲ ಪಂಕ್ತಿಯಲ್ಲೇ ನಾಲ್ಕು ಜನ ಮಾಡಿ ಮುಗಿಸಿದರು. ಆದ್ದರಿಂದ ಇಲ್ಲಿ ಅದನ್ನು ಮತ್ತೆ ಮಾಡುವುದಿಲ್ಲ.

ನನ್ನ ಸಿಟ್ಟು ಬೇರೆ. ಸೌಂದರ್ಯದ ಸಾಮಾನುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲೇ ನಿಷೇಧಿಸಿದೆ. ಹಾಗೆ ಪರೀಕ್ಷಿಸಿದ ಮಾಲನ್ನು ಹೊರಗಿನಿಂದ ತರಿಸುವುದಕ್ಕೂ ಅದೇ ವರ್ಷ ಬಾಗಿಲು ಹಾಕಿತು. ಯುರೋಪು 2013ರಲ್ಲಿ ಹಾಕಿತ್ತು. ಅಂದಮೇಲೆ ಇಲ್ಲಿ ತಯಾರಾದ ಪೊಟ್ಟಣದ ಮೇಲೆ ಮೊಲ ಕೂರಿಸಿ ಬೀಗುವುದು ಏನು? ‘ನಾವು ಕಳ್ಳತನ ಮಾಡಿಲ್ಲ’ ಅಂತ ಅಂಗಡಿ ಮುಂದೆ ಬೋರ್ಡು ಹಾಕಿಕೊಂಡ ಹಾಗೆ. ಮದ್ದೂರಿನ ಹೋಟೆಲೊಂದರಲ್ಲಿ ‘ನಮ್ಮ ವಡೆಯಲ್ಲಿ ಸಿಮೆಂಟ್ ಇಲ್ಲ’ ಅಂತ ಬರೆಸಿದ್ದರೆ ನೀವು ಗಾಡಿ ನಿಲ್ಲಿಸುತ್ತೀರಾ? ಗಾಬರಿಬಿದ್ದು ಇನ್ನೂ ಜೋರಾಗಿ ಓಡಿಸುತ್ತೀರಿ. ಮೊಲ ಕಂಡರೆ ಮಾತ್ರ ಕರುಣೆ ಉಕ್ಕಿ ಇಪ್ಪತ್ತು ರೂಪಾಯಿ ಜಾಸ್ತಿ ಕೊಡುತ್ತೇವೆ.

ಅದೂ ಹೋಗಲಿ ಅಂದರೆ, ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಜೀವ ತೇಯ್ದದ್ದು ಮೊಲವೇ ಅಲ್ಲ. ಮೊಲದ ಕಣ್ಣಿಗೆ, ಬೆನ್ನಿಗೆ ಹಾಕಿ ಉರಿ ಎಷ್ಟು ಅಂತ ನೋಡುತ್ತಿದ್ದರು. ಅದು ಬೇರೆ ಡಿಪಾರ್ಟ್‌ಮೆಂಟು. ಅಲರ್ಜಿ ಸೆಕ್ಷನ್ನಿನಲ್ಲಿ ದಶಕಗಟ್ಟಲೆ ದುಡಿದದ್ದು ಗಿನಿ ಹಂದಿ. ಪಾಪ, ಅದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ, ದಕ್ಷಿಣ ಅಮೆರಿಕದ ಇಲಿ ಜಾತಿಯ ಪ್ರಾಣಿ. ಅದರ ಕೂದಲು ಬೋಳಿಸಿ, ಚರ್ಮದೊಳಗೆ ಚುಚ್ಚಿ, ವಾರ ಬಿಟ್ಟು ಪಟ್ಟಿ ಕಟ್ಟಿ, ಮೂರನೇ ವಾರ ಇನ್ನೊಂದು ಜಾಗಕ್ಕೆ ಅದೇ ರಾಸಾಯನಿಕ ಹಚ್ಚಿ ಕೆಂಪಾಯಿತಾ ಅಂತ ನೋಡುತ್ತಿದ್ದರು. ಆಮೇಲೆ ಡ್ಯೂಟಿ ಇಲಿಗೆ ಬಿತ್ತು. ಮೂರು ದಿನ ಅದರ ಕಿವಿಗೆ ಹಚ್ಚುವುದು, ಆರನೇ ದಿನ ಕೊಂದು ಕಿವಿ ಹತ್ತಿರದ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದು ನೋಡುವುದು. ಇಷ್ಟೆಲ್ಲ ಅನುಭವಿಸಿದವರು ಒಬ್ಬರು, ಫೋಟೊ ಇನ್ನೊಬ್ಬರದು. ನಮ್ಮ ಕಡೆ ಚರಂಡಿ ಕಾಮಗಾರಿಯ ಕಲ್ಲು ನೋಡಿಲ್ಲವಾ? ಅದರಲ್ಲಿ ಹನ್ನೊಂದು ಹೆಸರಿರುತ್ತವೆ, ಅಗೆದವನ ಹೆಸರು ಇರಲ್ಲ. ಪೊಟ್ಟಣದ ಮೇಲೆ ಇಲಿಯ ಚಿತ್ರ ಹಾಕಿದರೆ ಜನ ಇಲಿ ಪಾಷಾಣ ಅಂದುಕೊಳ್ಳುತ್ತಾರೆ, ಅದೂ ನಿಜವೇ.

ಆ ಇಲಿಯೂ ಅಂಥ ದೊಡ್ಡ ಪಂಡಿತ ಅಲ್ಲ ಬಿಡಿ. ನಮ್ಮ ಅತ್ತಿಗೆ ದೇವರಾಜ ಅರಸು ರಸ್ತೆಯಲ್ಲಿ ಗಿಲೀಟಿನ ಓಲೆ ತಗೊಂಡು, ಎರಡೇ ವಾರದಲ್ಲಿ ಕಿವಿಯಲ್ಲಿ ನೀರು ಸೋರಿಸಿಕೊಂಡು ಕೂತರು. ನಿಕ್ಕಲ್ ಅಲರ್ಜಿ. ಎಲ್ಲಾ ದೇಶದಲ್ಲೂ ಮಾಮೂಲಿಯಾಗಿ ಕಾಣುವ ಅಲರ್ಜಿ ಅದು. ಆದರೆ ಇಲಿ ಪರೀಕ್ಷೆಯಲ್ಲಿ ಈ ನಿಕ್ಕಲ್ ಸುಲಭವಾಗಿ ಪಾಸಾಗಿಬಿಡುತ್ತಿತ್ತು. ನಿಕ್ಕಲ್ ಬಂದು ಸಿಕ್ಕಿಹಾಕಿಕೊಳ್ಳುವ ಕೊಂಡಿ ಮನುಷ್ಯನ ಕೋಶದಲ್ಲಿ ಇದ್ದ ಹಾಗೆ ಇಲಿಯದರಲ್ಲಿ ಇಲ್ಲ. ಇನ್ನೊಂದು ಕಡೆ, ಶಾಂಪೂವಿನಲ್ಲಿ ನೊರೆ ತರಿಸುವ ಸೋಡಿಯಂ ಲಾರಿಲ್ ಸಲ್ಫೇಟು ಚರ್ಮ ಉರಿಸುತ್ತದೆ, ಅಲರ್ಜಿ ತರುವ ಮಾಲಲ್ಲ. ಇಲಿ ಅದನ್ನು ಫೇಲ್ ಮಾಡಿ ಕೂರುತ್ತಿತ್ತು. ಗಣಪತಿಯನ್ನೇ ಹೊರುವ ಪ್ರಾಣಿ, ಅದಕ್ಕೆ ಒಂದು ಜೊತೆ ಓಲೆ ಯಾವ ಲೆಕ್ಕ. ಎಸೆಸೆಲ್ಸಿ ಪೇಪರ್ ತಿದ್ದುವವರಲ್ಲೂ ಇಂಥವರು ಸಿಗುತ್ತಾರೆ.

ಈಗ ಪ್ರಾಣಿ ಬೇಡ ಅಂದರಲ್ಲ, ಹಾಗಾದರೆ ಏನು ಮಾಡುತ್ತಾರೆ? ಪೊಟ್ಟಣದವರು ಅದನ್ನು ಹೇಳಲ್ಲ. ನಾನು ಹೇಳುತ್ತೇನೆ, ಯಾಕಂದರೆ ವಿಷಯ ನಿಜಕ್ಕೂ ಚೆನ್ನಾಗಿದೆ.

ಅಲರ್ಜಿ ಅಂದರೆ ಮುಯ್ಯಿ ಪುಸ್ತಕ. ರಾಸಾಯನಿಕದ ಸಣ್ಣ ಕಣ ಚರ್ಮದೊಳಗೆ ನುಗ್ಗಿ ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕೋಶ ಗಲಾಟೆ ಎಬ್ಬಿಸುತ್ತದೆ. ಕಾವಲಿನ ಕೋಶವೊಂದು ಬಂದು ಆ ಹೊಸ ಮುಖವನ್ನು ಕರೆದುಕೊಂಡು ಹೋಗಿ ರೋಗ ತಡೆಯುವ ಪಡೆಯ ಟಿ ಕೋಶಗಳಿಗೆ ತೋರಿಸುತ್ತದೆ. ಅವು ಬರೆದಿಟ್ಟುಕೊಳ್ಳುತ್ತವೆ. ಇಂಥವರ ಕಡೆಯವರು, ಇಂಥ ದಿನ, ಇಷ್ಟು. ಆವತ್ತು ಏನೂ ಆಗಲ್ಲ. ಮುಂದೆ ಯಾವತ್ತೋ ಅದೇ ಕಣ ಮತ್ತೆ ಬಾಗಿಲಿಗೆ ಬಂದರೆ ಬಡ್ಡಿ ಸಮೇತ ವಾಪಸ್. ‘ಹತ್ತು ವರ್ಷದಿಂದ ಹಚ್ತಾ ಇದೀನಿ ಡಾಕ್ಟ್ರೇ, ಒಂದಿನ ಏನೂ ಆಗಿಲ್ಲ’ ಅಂತ ನಾನು ವಾದಕ್ಕೆ ಕೂತೆ. ‘ಹತ್ತು ವರ್ಷ ಹಚ್ಚಿದ್ದಕ್ಕೇ ಆಗಿರೋದು’ ಅಂದರು.

ಈ ಒಂದೊಂದು ಮೆಟ್ಟಿಲಿಗೂ ಒಂದೊಂದು ಪರೀಕ್ಷೆ ಮಾಡಿಟ್ಟಿದ್ದಾರೆ. ಮೊದಲನೆಯದರಲ್ಲಿ ಜೀವವೇ ಇಲ್ಲ. ಪ್ರೋಟೀನಿನ ಚಿಕ್ಕ ತುಣುಕುಗಳಿರುವ ಸೀಸೆಗೆ ರಾಸಾಯನಿಕ ಹಾಕಿ, ಎಷ್ಟು ಅಂಟಿಕೊಂಡಿತು ಅಂತ ಲೆಕ್ಕ ನೋಡುತ್ತಾರೆ. ಎರಡನೆಯದು ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಚರ್ಮದ ಕೋಶ. ಅದಕ್ಕೆ ಮಿಣುಕುಹುಳದ ಒಂದು ಜೀನ್ ಸೇರಿಸಿದ್ದಾರೆ, ಕೋಶಕ್ಕೆ ತೊಂದರೆಯಾದರೆ ಬೆಳಕು ಬರುತ್ತದೆ. ಮೂರನೆಯದು ಬಿಳಿ ರಕ್ತಕಣದ ಜಾತಿಯ ಕೋಶ. ಕಾವಲಿನವನು ಎಚ್ಚೆತ್ತನಾ ಅಂತ ಅದರ ಮೈಮೇಲಿನ ಗುರುತಿನಲ್ಲಿ ಗೊತ್ತಾಗುತ್ತದೆ. ಮೂವರ ಪಂಚಾಯ್ತಿ, ಇಬ್ಬರು ಹೇಳಿದ್ದು ತೀರ್ಪು. 2021ರಲ್ಲಿ ಒಇಸಿಡಿಯವರು, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಒಕ್ಕೂಟದವರು, ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿದರು. ಮನುಷ್ಯರಿಗೆ ನಿಜವಾಗಿ ಆಗಿದ್ದರ ಜೊತೆ ತಾಳೆ ನೋಡಿದರೆ ಈ ಪಂಚಾಯ್ತಿ ಇಲಿಗಿಂತ ಸರಿಯಾಗಿ ಹೇಳುತ್ತದೆ. ನಮ್ಮ ಪಂಚಾಯ್ತಿಗಿಂತಲೂ ವಾಸಿ. ಇಲ್ಲಿ ಯಾವ ಸದಸ್ಯನನ್ನೂ ರೆಸಾರ್ಟಿಗೆ ಎತ್ತಿಹಾಕಿಕೊಂಡು ಹೋಗಕ್ಕಾಗಲ್ಲ.

ಹಾಗಾದರೆ ನನ್ನ ಕಣ್ಣು ಯಾಕೆ ಊದಿತು?

ಪ್ಯಾರಾ ಫಿನೈಲಿನ್ ಡೈಅಮೀನ್. ಕಪ್ಪು ಹೇರ್ ಡೈಯಲ್ಲಿ ಇರುತ್ತದೆ, ಎರಡೇ ನಿಮಿಷಕ್ಕೆ ಕಪ್ಪು ಬರುವ ‘ಕರಿ ಮೆಹಂದಿ’ಯಲ್ಲೂ ಇರುತ್ತದೆ. ಇದು ಅಲರ್ಜಿ ತರುತ್ತದೆ ಅಂತ ಕಂಡುಹಿಡಿಯಲು ಇಲಿಯೂ ಬೇಡ, ಮಿಣುಕುಹುಳವೂ ಬೇಡ. ಅದು ಫೇಲಾಗಿ ಯಾವ ಕಾಲವೋ ಆಯಿತು. ಫೇಲಾದವನಿಗೇ ನೌಕರಿ ಕೊಟ್ಟಿದ್ದಾರೆ. ಯಾಕಂದರೆ ಅವನಷ್ಟು ಚೆನ್ನಾಗಿ ಕಪ್ಪು ಬಳಿಯುವವನು ಇನ್ನೊಬ್ಬ ಸಿಕ್ಕಿಲ್ಲ.

ಅದಕ್ಕೆ ನಮ್ಮ ಕಾಯ್ದೆಯಲ್ಲಿ ಒಂದು ನಿಯಮ ಇದೆ. ಕಿವಿ ಹಿಂದೆಯೋ ಮುಂದೋಳಿನ ಒಳಗಡೆಯೋ ಸ್ವಲ್ಪ ಹಚ್ಚಿ, 24 ಗಂಟೆ ಬಿಟ್ಟು ತೊಳೆದು ನೋಡಿ ಅಂತ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ತಿಳಿಸಬೇಕು. ಹುಬ್ಬಿಗೆ, ರೆಪ್ಪೆಗೆ ಹಚ್ಚಿದರೆ ಕಣ್ಣು ಹೋಗಬಹುದು ಅಂತಲೂ ಬರೆದಿರಬೇಕು. ಬರೆದಿದ್ದರು, ಸುಳ್ಳು ಹೇಳಬಾರದು. ಒಳಗೆ ಹದಿನಾರು ಮಡಿಕೆ ಮಾಡಿಟ್ಟ ಚೀಟಿಯಲ್ಲಿ, ಇರುವೆ ಸಾಲಿನಷ್ಟು ದಪ್ಪಕ್ಕೆ. ಕನ್ನಡದಲ್ಲೂ ಇತ್ತು. ‘ಪ್ರಾಥಮಿಕ ಪರೀಕ್ಷಣೆಯು ಬಳಕೆದಾರರಿಂದ ಕೈಗೊಳ್ಳಲ್ಪಡತಕ್ಕದ್ದು.’ ಇದನ್ನು ಕನ್ನಡ ಅಂತ ಗುರುತು ಹಿಡಿಯುವುದಕ್ಕೇ ನನಗೆ 24 ಗಂಟೆ ಬೇಕಾಯಿತು. ಚರ್ಮದ ಡಾಕ್ಟರುಗಳು ಪ್ಯಾಚ್ ಟೆಸ್ಟ್ ಮಾಡಿದರೆ 48 ಗಂಟೆಗೆ ಒಂದು ಸಲ, ನಾಲ್ಕನೇ ದಿನದ ಹೊತ್ತಿಗೆ ಇನ್ನೊಂದು ಸಲ ನೋಡುತ್ತಾರೆ. ನನಗೆ ನವೆ ಶುರುವಾಗಿದ್ದೇ 24ನೇ ಗಂಟೆಗೆ. ಚೀಟಿಯ ಪ್ರಕಾರ ಅಲ್ಲಿಗೆ ನಾನು ಹೆಚ್ಚುಕಮ್ಮಿ ಪಾಸು.

‘ಮುಂದಿನ ಸಲ ಹರ್ಬಲ್ ಹಚ್ಚಿ, ಕೆಮಿಕಲ್ ಇರಲ್ಲ’ ಅಂದ ನಮ್ಮ ಷಡ್ಡಕ. ವಿಸಿ ನಾಲೆ ಏರಿ ಮೇಲೆ ಸೊಂಪಾಗಿ ಬೆಳೆದಿರುವ ಕಾಂಗ್ರೆಸ್ ಗಿಡ ಹರ್ಬಲ್ಲೇ. ಅದರ ಗಾಳಿಗೇ ಮುಖ, ಕುತ್ತಿಗೆ ಕಜ್ಜಿಗಟ್ಟಿದ ರೈತರನ್ನು ಕೇಳಿ ನೋಡಿ. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಕಾಯಿಯೂ ಹರ್ಬಲ್ಲೇ. ಎಷ್ಟು ಒಗೆದರೂ ಹೋಗದ ಕಪ್ಪು. ಎರಡನೇ ಮಹಾಯುದ್ಧದಲ್ಲಿ ಇಲ್ಲಿಗೆ ಬಂದಿದ್ದ ಪರದೇಶದ ಸೈನಿಕರಿಗೆ ಅಂಗಿಯಲ್ಲಿ ಗುರುತು ಇದ್ದ ಜಾಗದಲ್ಲೇ ಮೈಮೇಲೆ ಗುಳ್ಳೆ ಏಳುತ್ತಿದ್ದವು. ಶತ್ರು ಬರುವ ಮೊದಲೇ ಕಾಲರ್ ಕಚ್ಚಿತ್ತು.

ಗುರುತಿನ ಮಾತಿಗೆ ಬಂದರೆ ಮೈಸೂರನ್ನು ಮೀರಿಸುವವರು ಯಾರು? ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದಲೇ 1962ರ ಚುನಾವಣೆಯಿಂದ ಈಚೆಗೆ ದೇಶದ ಬೆರಳಿಗೆಲ್ಲ ಶಾಯಿ ಹೋಗುತ್ತಿರುವುದು. ಅದರಲ್ಲಿರುವುದು ಸಿಲ್ವರ್ ನೈಟ್ರೇಟು. ಬೆಳಕು ಬಿದ್ದರೆ ಕಪ್ಪಾಗುತ್ತದೆ, ಉಗುರು ಬೆಳೆದು ಹೋಗುವ ತನಕ ಅಲ್ಲಾಡಲ್ಲ. ‘ಅದನ್ನೇ ತಲೆಗೆ ಹಚ್ಚಿದ್ರೆ ಹೇಗೆ?’ ಅಂತ ಕೇಳಿದ ಅದೇ ಷಡ್ಡಕ. ಎಂಜಿನಿಯರು ಅವನು.

ನಗು ಸಾಕು. ಮೇಲೆ ಹೇಳಿದೆನಲ್ಲ, ಚುಚ್ಚಿ ಪಟ್ಟಿ ಕಟ್ಟುವ ಗಿನಿ ಹಂದಿ ಪರೀಕ್ಷೆ, ಅದನ್ನು 1969ರಲ್ಲಿ ರೂಪಿಸಿದವರು ಮ್ಯಾಗ್ನುಸನ್ ಮತ್ತು ಕ್ಲಿಗ್ಮನ್. ಈ ಆಲ್ಬರ್ಟ್ ಕ್ಲಿಗ್ಮನ್ ಅಮೆರಿಕದ ದೊಡ್ಡ ಚರ್ಮ ವೈದ್ಯ. ಗಿನಿ ಹಂದಿಗಿಂತ ಮೊದಲೇ ಆತ ಇದೇ ಥರದ ಅಲರ್ಜಿ ಪರೀಕ್ಷೆಯನ್ನು ಮನುಷ್ಯರ ಮೇಲೆ ಮಾಡಿದ್ದ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ. ಬಹುಪಾಲು ಕಪ್ಪು ಜನ, ಬಡವರು. ಕೈಗೆ ಒಂದಿಷ್ಟು ಡಾಲರ್ ಇಟ್ಟರೆ ಬೆನ್ನು ಕೊಡುತ್ತಿದ್ದರು. 1950ರ ದಶಕದ ಶುರುವಿನಿಂದ 1974ರವರೆಗೆ ಅಲ್ಲಿ ಇಂಥ ಪ್ರಯೋಗಗಳು ನಡೆದವು. ಆ ಜೈಲಿಗೆ ಮೊದಲು ಕಾಲಿಟ್ಟಾಗ ತನಗೆ ಕಂಡದ್ದು ಎಕರೆಗಟ್ಟಲೆ ಚರ್ಮ, ರೈತನಿಗೆ ಫಲವತ್ತಾದ ಹೊಲ ಕಂಡ ಹಾಗಾಯಿತು ಅಂತ ಆತನೇ ಹೇಳಿಕೊಂಡಿದ್ದ. ಕಬ್ಬು, ಭತ್ತ ಬೆಳೆಯುವ ಊರಿನವನು ನಾನು. ಆ ಮಾತು ಓದಿದ ಮೇಲೆ ಹೊಲದ ಕಡೆ ನೋಡುವಾಗ ಏನೋ ಆಗುತ್ತದೆ. ಯಾರ ಚರ್ಮ ಅಗ್ಗವೋ ಅವರ ಮೇಲೆ ಮೊದಲು ಹಚ್ಚಿ ನೋಡುವುದು. ಮೊಲದ ಚಿತ್ರ ಹಾಕಿದ ಮಾತ್ರಕ್ಕೆ ಅದು ನಿಂತಿಲ್ಲ ಸ್ವಾಮಿ.

ಊತ ಇಳಿದು, ಡೈ ಬಿಟ್ಟು, ಎರಡು ತಿಂಗಳ ಮೇಲೆ ಬೆಳ್ಳಿ ತಲೆ ಹೊತ್ತುಕೊಂಡು ಅದೇ ಕಟಿಂಗ್ ಶಾಪಿಗೆ ಹೋದೆ. ಹುಡುಗ ಮಂಡ್ಯದ ಕಡೆ ಹಳ್ಳಿಯವನು. ಹೆಚ್ಚೆಂದರೆ ಇಪ್ಪತ್ತಾರು ವರ್ಷ. ಕತ್ತರಿ ಹಿಡಿದ ಕೈಯನ್ನು ಕನ್ನಡಿಯಲ್ಲಿ ನೋಡಿದೆ. ಉಗುರಿನ ಬುಡ ಕಪ್ಪು. ಬೆರಳ ತುದಿಯ ಚರ್ಮ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಒಂದು ಬಿರುಕಿನಲ್ಲಿ ಕೆಂಪು ಕಾಣುತ್ತಿತ್ತು.

‘ಗ್ಲೌಸ್ ಹಾಕ್ಕೊಳ್ಳಲ್ವೇನಪ್ಪಾ?’

‘ಡಬ್ಬದಾಗೆ ಕೊಡ್ತಾರಲ್ಲ ಸಾ, ಅವಾ? ಹಾಕ್ಕತಿದ್ದಂಗೇ ಹರ್ದೋಯ್ತವೆ. ಕೂದ್ಲೂ ಕೈಗೆ ಸಿಕ್ಕಕಿಲ್ಲ.’

‘ಡಾಕ್ಟ್ರಿಗೆ ತೋರಿಸಿದ್ಯಾ?’

‘ಕೆಲ್ಸ ಬುಡು ಅಂದ್ರು.’ ಬ್ಲೇಡು ಮುರಿದು ಅರ್ಧ ಸಿಕ್ಕಿಸಿಕೊಂಡ. ‘ಹಗ್ಲೊತ್ತು ಗೊತ್ತಾಗಕಿಲ್ಲ ಸಾ. ರಾತ್ರಿ ಉಣ್ಣಕ್ಕೆ ಕೂತಾಗ್ಲೇ ಕಷ್ಟ. ಬಿಸಿ ಮುದ್ದೆ ಮುರಿಯಕ್ಕಾಯ್ತಿಲ್ಲ. ಅವ್ವ ಅನ್ನ ಮಾಡ್ತದೆ, ಸ್ಪೂನಲ್ಲಿ ಉಣ್ತೀನಿ.’

ನನ್ನ ನಂತರ ಕೂತವರು ಜೇಬಿನಿಂದ ಪೊಟ್ಟಣ ತೆಗೆದು ಕೊಟ್ಟರು. ಅದೇ ಮೊಲ. ಒಳಗಿದ್ದ ಎರಡು ಪ್ಲಾಸ್ಟಿಕ್ ಗ್ಲೌಸನ್ನು ಬುಟ್ಟಿಗೆ ಎಸೆದು, ಅವನು ಬಟ್ಟಲಿನಲ್ಲಿ ಕಲಸತೊಡಗಿದ.